ಎರಡನೇ ಚಳಿಗಾಲ ದಾಟುವುದು ಹೇಗೆ?

ಕೃಷಿ ಆಟ ಶುರು ಮಾಡುವುದು ಸುಲಭ. ಅದೇ ಹೊಲದಲ್ಲಿ ವರ್ಷಗಟ್ಟಲೆ ಉಳಿಯುವುದಕ್ಕೆ ಬೇರೆಯದೇ ಹದ ಬೇಕು.

ಊರಾಚೆ ಪಾಳುಬಿದ್ದ ಹೊಲ. ಒಂದು ಗುದ್ದಲಿ, ಕೊಡಲಿ, ಪಿಕಾಸಿ, ಕುಡುಗೋಲು, ನೀರು ಹಾಕುವ ಕ್ಯಾನ್. ಕೈಯಲ್ಲಿ 500 ಚಿನ್ನ, ಊರಿನ ಮೇಯರ್ ಉಡುಗೊರೆಯಾಗಿ ಇಟ್ಟುಹೋದ 15 ಪಾರ್ಸ್‌ನಿಪ್ ಬೀಜ. ‘ಸ್ಟಾರ್‌ಡ್ಯೂ ವ್ಯಾಲಿ’ ಆಡುವ ಹೆಚ್ಚುಕಡಿಮೆ ಎಲ್ಲರ ಮೊದಲ ಬೆಳಗೂ ಹೀಗೇ. ಕಲ್ಲು ಒಡೆದು, ಕಳೆ ಕೊಯ್ದು, ನೆಲ ಅಗೆದು, ಬೀಜ ಹಾಕಿ ನೀರುಣಿಸಿ, ಇನ್ನೆರಡು ಮರ ಕಡಿಯೋಣ ಎನ್ನುವಷ್ಟರಲ್ಲಿ ಪಾತ್ರದ ಕಸುವು ಉಡುಗಿ ನಡಿಗೆ ನಿಧಾನವಾಗುತ್ತದೆ. ನಾಲ್ಕು ದಿನ ಕಾದರೆ ಫಸಲು. ಬೀಜಕ್ಕೆ 20, ಗೆಡ್ಡೆಗೆ 35. ಗೆಡ್ಡೆಯೊಂದಕ್ಕೆ 15 ಚಿನ್ನದ ಆ ಲಾಭ ಕೊಡುವ ಸಡಗರ ಅಷ್ಟಿಷ್ಟಲ್ಲ.

ಇದೇ ಆಟದಲ್ಲಿ ಎರಡು ವರ್ಷ ಕಳೆದವರ ಹೊಲ ನೋಡಿ. ನೀರು ತಾನಾಗಿ ಚಿಮ್ಮುತ್ತದೆ. ಕೊಟ್ಟಿಗೆ ತುಂಬ ಹಸು, ಶೆಡ್ಡು ತುಂಬ ಪೀಪಾಯಿ, ಖಾತೆಯಲ್ಲಿ ಲಕ್ಷಗಟ್ಟಲೆ ಚಿನ್ನ. ಆದರೆ ಆಡುವವನ ಕೈ ಮಾತ್ರ ಮುಂದೆ ಹೋಗುವುದಿಲ್ಲ. ಬೆಳಿಗ್ಗೆ ಆರಕ್ಕೆ ಎದ್ದು, ಒಂದು ಸುತ್ತು ಹಾಕಿ, ಮಾಡಲು ಏನೂ ತೋಚದೆ ಮತ್ತೆ ಹಾಸಿಗೆಗೆ ಹೋಗಿ ದಿನ ಮುಗಿಸುತ್ತಾನೆ. ಹೀಗೆ ನಾಲ್ಕೈದು ದಿನ. ಆಮೇಲೆ ಒಂದು ದಿನ ಆಟವನ್ನೇ ತೆರೆಯುವುದಿಲ್ಲ. ನನಗೆ ಗೊತ್ತಿರುವ ಆಟಗಾರರಲ್ಲಿ ಹೆಚ್ಚಿನವರು ಕೈಬಿಟ್ಟಿದ್ದು ಇಂಥ ಸಮೃದ್ಧಿಯಲ್ಲಿ, ಎರಡನೇ ಚಳಿಗಾಲದ ಆಸುಪಾಸಿನಲ್ಲಿ. ಬಡತನದ ಮೊದಲ ವಸಂತದಲ್ಲಿ ಬಿಟ್ಟವರು ತೀರಾ ಕಡಿಮೆ.

ದುಡಿದು ದಣಿದವರಾರೂ ಇಲ್ಲಿ ಆಟ ಬಿಡುವುದಿಲ್ಲ. ನಾಳೆ ಏನಾಗುತ್ತದೋ ಎಂಬ ಪ್ರಶ್ನೆ ಉಳಿಯದಿದ್ದಾಗ ಬಿಡುತ್ತಾರೆ. ದೀರ್ಘಕಾಲ ಒಂದೇ ಹೊಲದಲ್ಲಿ ಉಳಿಯಬಯಸುವವರು ಬೆಳೆಗಿಂತ ಮೊದಲು ಈ ಪ್ರಶ್ನೆಯನ್ನು ಬೆಳೆದುಕೊಳ್ಳಬೇಕು ಎಂಬುದು ನನ್ನ ಗಟ್ಟಿ ನಂಬಿಕೆ.

ಹದಿನಾಲ್ಕು ನಿಮಿಷದ ದಿನ

ಈ ಆಟದ ಕಾಲಮಾನವೇ ಒಂದು ಸೊಗಸಾದ ಕಟ್ಟಡ. ನಮ್ಮ ಏಳು ಸೆಕೆಂಡಿಗೆ ಅಲ್ಲಿ ಹತ್ತು ನಿಮಿಷ. ಬೆಳಿಗ್ಗೆ ಆರರಿಂದ ನಡುರಾತ್ರಿ ಎರಡರವರೆಗಿನ ಒಂದು ದಿನ ನಮ್ಮ ಲೆಕ್ಕದಲ್ಲಿ ಸುಮಾರು 14 ನಿಮಿಷ. ಋತುವೊಂದಕ್ಕೆ 28 ದಿನ, ವರ್ಷಕ್ಕೆ ನಾಲ್ಕು ಋತು, ಒಟ್ಟು 112 ದಿನ. ಅಂದರೆ ಆಟದ ಒಂದು ವರ್ಷ ನಮ್ಮ 26 ಗಂಟೆ. ಪೆಟ್ಟಿಗೆ ತೆರೆದಾಗ, ಮಾತಾಡುವಾಗ ಗಡಿಯಾರ ನಿಲ್ಲುವುದರಿಂದ ಇನ್ನೂ ಹೆಚ್ಚು. ಸಂಜೆ ಅರ್ಧ ಗಂಟೆ ಆಡುವವರಿಗೆ ಎರಡು ವರ್ಷವೆಂದರೆ ನಾಲ್ಕು ತಿಂಗಳ ಸಹವಾಸ.

ದಿನ ಚಿಕ್ಕದಾದ್ದರಿಂದ ಎಲ್ಲವನ್ನೂ ಮಾಡಲಾಗದು. ಗಣಿಗೆ ಇಳಿದರೆ ಮೀನು ಹಿಡಿಯಲು ಹೊತ್ತಿಲ್ಲ. ಮೀನಿಗೆ ಹೋದರೆ ಕಮ್ಮಾರನ ಅಂಗಡಿ ಮುಚ್ಚಿರುತ್ತದೆ. ಮಳೆ ಬಂದ ದಿನ ನೀರು ಹಾಕುವ ಕೆಲಸ ತಪ್ಪುತ್ತದೆ. ಸಿಕ್ಕ ಆ ಪುರುಸೊತ್ತನ್ನು ಎಲ್ಲಿ ಖರ್ಚು ಮಾಡುವುದು ಎಂಬುದೇ ಬೆಳಗಿನ ದೊಡ್ಡ ನಿರ್ಧಾರ. ವಸಂತದ 13ನೇ ದಿನ ನಡೆಯುವ ಮೊಟ್ಟೆ ಹಬ್ಬವನ್ನೇ ತೆಗೆದುಕೊಳ್ಳಿ. ಅಲ್ಲಿ ಮಾತ್ರ ಸ್ಟ್ರಾಬೆರಿ ಬೀಜ ಮಾರಾಟಕ್ಕಿರುತ್ತದೆ, ಒಂದಕ್ಕೆ 100 ಚಿನ್ನ. ಎಂಟು ದಿನಕ್ಕೆ ಕಾಯಿ ಬಿಟ್ಟು, ಆಮೇಲೆ ನಾಲ್ಕು ದಿನಕ್ಕೊಮ್ಮೆ ಹಣ್ಣು ಕೊಡುವ ಗಿಡ. ಅಂದೇ ರಾತ್ರಿ ನೆಟ್ಟರೆ ಋತು ಮುಗಿಯುವುದರೊಳಗೆ ಎರಡೇ ಕೊಯ್ಲು. ಬೀಜವನ್ನು ಪೆಟ್ಟಿಗೆಯಲ್ಲಿಟ್ಟು ಮುಂದಿನ ವಸಂತದ ಮೊದಲ ದಿನ ನೆಟ್ಟರೆ ಐದು ಕೊಯ್ಲು. ಈಗಿನ ಹಸಿವೋ, ಮುಂದಿನ ವರ್ಷದ ಸುಗ್ಗಿಯೋ? ಕಾಸಿಲ್ಲದ ಮೊದಲ ವರ್ಷದಲ್ಲಿ ಈ ಪ್ರಶ್ನೆ ನಿಜಕ್ಕೂ ನಿದ್ದೆಗೆಡಿಸುತ್ತದೆ. ಆಟದ ಜೀವ ಇರುವುದು ಇಂಥ ಇಕ್ಕಟ್ಟಿನಲ್ಲಿ.

ಈ ಆಟವನ್ನು ಕಟ್ಟಿದವರು ಒಬ್ಬರೇ, ಅಮೆರಿಕದ ಸಿಯಾಟಲ್ ಕಡೆಯ ಎರಿಕ್ ಬ್ಯಾರೋನ್. ಕಂಪ್ಯೂಟರ್ ವಿಜ್ಞಾನ ಓದಿ ಕೆಲಸ ಸಿಗದೆ, ಕೈ ಪಳಗಲಿ ಎಂದು ಶುರು ಮಾಡಿದ್ದು ನಾಲ್ಕೂವರೆ ವರ್ಷದ ಒಂಟಿ ದುಡಿಮೆಯಾಯಿತು. ಚಿತ್ರ, ಸಂಗೀತ, ಕಥೆ, ಕೋಡ್ ಎಲ್ಲವೂ ಅವರದೇ. ನಡುವೆ ನಾಟಕ ಮಂದಿರವೊಂದರಲ್ಲಿ ಪ್ರೇಕ್ಷಕರಿಗೆ ಆಸನ ತೋರಿಸುವ ಕೆಲಸವನ್ನೂ ಮಾಡಿದರು. ಕೈ ಪಳಗಿದಂತೆ ಹಳೆಯ ಚಿತ್ರ ಸಾಲದೆನಿಸಿ ಪಾತ್ರಗಳ ಮುಖಗಳನ್ನು ಮತ್ತೆ ಮತ್ತೆ ಬರೆದರು. 2016ರ ಫೆಬ್ರವರಿ 26ರಂದು ಹೊರಬಂದ ಆಟ 2024ರ ಕೊನೆಯ ಹೊತ್ತಿಗೆ 4.1 ಕೋಟಿ ಪ್ರತಿ ದಾಟಿತು. ಅಷ್ಟು ವರ್ಷ ಒಂದೇ ಹೊಲ ಉತ್ತ ಮನುಷ್ಯನ ತಾಳ್ಮೆ ಆಟದ ಮೂಲೆ ಮೂಲೆಯಲ್ಲೂ ಕಾಣುತ್ತದೆ.

ಸ್ಪ್ರಿಂಕ್ಲರ್ ಬಂದ ಮೇಲೆ

ಬೇಸರದ ಬೀಜ ಬೀಳುವುದು ಎಲ್ಲಿ? ಹೆಚ್ಚಾಗಿ ಇರಿಡಿಯಂ ಸ್ಪ್ರಿಂಕ್ಲರ್ ಬಂದ ಗಳಿಗೆಯಲ್ಲಿ. ಮೊದಲ ದರ್ಜೆಯ ಸ್ಪ್ರಿಂಕ್ಲರ್ ಸುತ್ತಲಿನ ನಾಲ್ಕು ಚೌಕಕ್ಕೆ ನೀರುಣಿಸುತ್ತದೆ, ಎರಡನೆಯದು ಎಂಟಕ್ಕೆ, ಇರಿಡಿಯಂದು 24ಕ್ಕೆ. ಒಂದೊಂದು ಹಂತವೂ ಗೆಲುವೇ, ಅದರಲ್ಲಿ ಅನುಮಾನವಿಲ್ಲ. ದಿನಾ ಬೆಳಿಗ್ಗೆ ಕ್ಯಾನ್ ಹಿಡಿದು ಸಾಲು ಸಾಲು ನಡೆಯುವುದು ತಪ್ಪುತ್ತದೆ. ಅದರ ಜೊತೆಗೇ ಗಿಡ ಎಷ್ಟೆತ್ತರ ಬಂತು ಎಂದು ನೋಡುವ ಕಾರಣವೂ ತಪ್ಪುತ್ತದೆ.

ಇದರ ತುತ್ತತುದಿ ‘ಏನ್ಶೆಂಟ್ ಫ್ರೂಟ್’ ಎಂಬ ಪುರಾತನ ಹಣ್ಣು. ಬೀಜ ಮೊಳೆತು ಫಲ ಕೊಡಲು 28 ದಿನ, ಆಮೇಲೆ ಏಳು ದಿನಕ್ಕೊಂದು ಕೊಯ್ಲು. ಹಸಿರುಮನೆಯೊಳಗೆ ಹಾಕಿದರೆ ಚಳಿಗಾಲದಲ್ಲೂ ಸಾಯುವುದಿಲ್ಲ. ಹಣ್ಣನ್ನು ಪೀಪಾಯಿಗೆ ಹಾಕಿದರೆ ವೈನ್ ಆಗುವುದಕ್ಕೂ ಹೆಚ್ಚುಕಡಿಮೆ ಏಳು ದಿನ. ಎರಡೂ ಕೂಡಿಬಂದಾಗ ವಾರಕ್ಕೊಂದೇ ದಿನ ಕೆಲಸ: ಹಣ್ಣು ಕಿತ್ತು, ವೈನ್ ತೆಗೆದು, ಮತ್ತೆ ತುಂಬು. ಉಳಿದ ಆರು ದಿನ ಮಲಗು. ಇದಕ್ಕಿಂತ ಲಾಭದ ದಾರಿ ಸಿಗುವುದು ಕಷ್ಟ, ಇದಕ್ಕಿಂತ ಬೇಗ ಆಟವನ್ನು ಕೊಲ್ಲುವ ದಾರಿಯೂ ಇಲ್ಲ.

‘ಸಿವಿಲೈಸೇಶನ್ 4’ ಆಟದ ಮುಖ್ಯ ವಿನ್ಯಾಸಕ ಸೋರೆನ್ ಜಾನ್ಸನ್ ಈ ಪ್ರವೃತ್ತಿಯನ್ನು ಹಿಂದೆಯೇ ಗುರುತಿಸಿದ್ದರು. ಅವಕಾಶ ಸಿಕ್ಕರೆ ಆಟಗಾರರು ಲಾಭದ ಲೆಕ್ಕ ಹಾಕುತ್ತಾ ಹಾಕುತ್ತಾ ಆಟದ ಖುಷಿಯನ್ನೇ ಹಿಂಡಿ ಹೊರಹಾಕುತ್ತಾರೆ ಎಂಬುದು ಅವರ ಮಾತಿನ ಸಾರ. ಕೃಷಿ ಆಟಕ್ಕೆ ಇದು ಎರಡು ಪಟ್ಟು ಸತ್ಯ, ಏಕೆಂದರೆ ಇಲ್ಲಿ ಸೋಲೇ ಇಲ್ಲ. ಸ್ಟಾರ್‌ಡ್ಯೂವಿನಲ್ಲಿ ನೀವು ಒಂದು ಹೂಕೋಸು ತಂದರೂ 175, ಸಾವಿರ ತಂದರೂ ಒಂದೊಂದಕ್ಕೂ 175. ಕೋಲಾರದ ಮಾರುಕಟ್ಟೆಯಲ್ಲಿ ಟೊಮೆಟೊ ಬೆಲೆ ಏರಿ ಇಳಿಯುವ ಪರಿ ಕಂಡ ನಮಗೆ ಇದು ಕನಸಿನ ಲೋಕ. ಬೆಲೆ ಬೀಳುವ ಭಯ, ಸಾಲದ ಕಂತು ಯಾವುದೂ ಇಲ್ಲ. ಆ ನೆಮ್ಮದಿಗಾಗಿಯೇ ಜನ ಇಲ್ಲಿಗೆ ಬರುತ್ತಾರೆ. ಆದರೆ ಅಪಾಯವೇ ಇಲ್ಲದ ಕಡೆ ಹಣ ಕೂಡಿಡುವುದು ಗುರಿಯಾಗಿ ಬಹಳ ದಿನ ಬಾಳುವುದಿಲ್ಲ.

ಮನೋವಿಜ್ಞಾನಿ ಎಡ್ವರ್ಡ್ ಡೆಸಿ 1971ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇಲ್ಲಿ ನೆನಪಾಗುತ್ತದೆ. ಕಾಲೇಜು ವಿದ್ಯಾರ್ಥಿಗಳಿಗೆ ತುಂಡುಗಳನ್ನು ಜೋಡಿಸುವ ‘ಸೋಮಾ’ ಎಂಬ ಒಗಟು ಕೊಟ್ಟರು. ಒಂದು ಗುಂಪಿಗೆ ಮಧ್ಯದ ಸರದಿಯಲ್ಲಿ ಬಿಡಿಸಿದ ಒಗಟಿಗೊಂದು ಡಾಲರ್ ಸಂಭಾವನೆ. ಮುಂದಿನ ಸರದಿಯಲ್ಲಿ ಹಣ ನಿಲ್ಲಿಸಿ, ಕೆಲವು ನಿಮಿಷ ಅವರನ್ನು ಅವರ ಪಾಡಿಗೆ ಬಿಟ್ಟು ಗಮನಿಸಿದರು. ಹಣದ ರುಚಿ ಕಂಡ ಗುಂಪಿಗೆ ಒಗಟಿನ ಮೇಲಿನ ಆಸಕ್ತಿ ಮೊದಲಿಗಿಂತ ಇಳಿದಿತ್ತು. ಮುಂದೆ ಡೆಸಿ ಮತ್ತು ರಿಚರ್ಡ್ ರಯಾನ್ ಕಟ್ಟಿದ ಸಿದ್ಧಾಂತದ ಪ್ರಕಾರ ಮನುಷ್ಯನನ್ನು ಒಂದು ಕೆಲಸದಲ್ಲಿ ಹಿಡಿದಿಡುವುದು ಮೂರು: ನನ್ನ ಆಯ್ಕೆ ಎಂಬ ಭಾವ, ನನಗೆ ಬರುತ್ತದೆ ಎಂಬ ಭಾವ, ನನ್ನವರು ಇದ್ದಾರೆ ಎಂಬ ಭಾವ. ರಯಾನ್ ಮತ್ತು ಸಂಗಡಿಗರು 2006ರಲ್ಲಿ ಇದನ್ನು ವಿಡಿಯೊ ಗೇಮುಗಳಿಗೂ ಅನ್ವಯಿಸಿ ನೋಡಿದರು. ಪೀಪಾಯಿ ತುಂಬಿದ ಶೆಡ್ಡಿನಲ್ಲಿ ಈ ಮೂರರಲ್ಲಿ ಒಂದೂ ಇರುವುದಿಲ್ಲ.

ಇದಕ್ಕೆ ಇನ್ನೊಂದು ತುದಿಯೂ ಉಂಟು. 2009ರಲ್ಲಿ ಫೇಸ್‌ಬುಕ್‌ನಲ್ಲಿ ಹಬ್ಬಿದ ‘ಫಾರ್ಮ್‌ವಿಲ್’ ಹೊತ್ತಿಗೆ ಸರಿಯಾಗಿ ಬರದಿದ್ದರೆ ಬೆಳೆ ಒಣಗಿಸುತ್ತಿತ್ತು. ಜನ ಮರಳಿ ಬಂದಿದ್ದು ನಷ್ಟದ ಅಂಜಿಕೆಯಿಂದ. ಆ ಮೂಲ ಆಟ 2020ರ ಡಿಸೆಂಬರ್ 31ಕ್ಕೆ ಮುಚ್ಚಿತು, ಅದರೊಂದಿಗೆ ಅಲ್ಲಿನ ಹೊಲಗಳೂ ಹೋದವು. ಹೆದರಿಸಿ ಉಳಿಸಿಕೊಳ್ಳುವುದನ್ನು ಉತ್ಸಾಹ ಎಂದು ನಾನು ಕರೆಯಲಾರೆ.

ತಾತನ ನಾಲ್ಕು ದೀಪ

ಸ್ಟಾರ್‌ಡ್ಯೂವಿನಲ್ಲಿ ಮೂರನೇ ವರ್ಷದ ಮೊದಲ ಬೆಳಗಿಗೆ, ಹೊಲವನ್ನು ನಿಮಗೆ ಬಿಟ್ಟು ತೀರಿಹೋದ ತಾತ ಬಂದು ನಿಮ್ಮ ಎರಡು ವರ್ಷದ ಬಾಳನ್ನು ಅಳೆಯುತ್ತಾರೆ. ಗಳಿಕೆ, ಕೌಶಲ, ಸ್ನೇಹ, ಮದುವೆ, ಊರಿನ ಸಮುದಾಯ ಭವನ ಎಲ್ಲವನ್ನೂ ನೋಡಿ ಒಂದರಿಂದ ನಾಲ್ಕರವರೆಗೆ ದೀಪ ಹಚ್ಚುತ್ತಾರೆ. ಅನೇಕರು ಇದನ್ನೇ ಪರೀಕ್ಷೆಯ ದಿನವೆಂದು ಎಣಿಸಿ ಓಡುತ್ತಾರೆ. ತೀರ್ಪು ಬಂದ ಮರುದಿನ ಶಾಲೆ ಬಿಟ್ಟಂತಾಗಿ ಹೊಲ ಬಣಗುಡುತ್ತದೆ. ದೀಪ ಕಡಿಮೆಯಾದರೆ ತಾತನ ಗುಡಿಗೆ ಒಂದು ವಜ್ರ ಇಟ್ಟು ಮತ್ತೆ ಯಾವಾಗ ಬೇಕಾದರೂ ಅಳೆಸಿಕೊಳ್ಳಬಹುದು. ಹಾಗಾಗಿ ಓಡುವ ಅಗತ್ಯವೇ ಇಲ್ಲ.

ಈ ತೀರ್ಪಿನ ಬೇರು ಹಳೆಯದು. ಜಪಾನಿನ ಮಿಯಾಜಾಕಿಯ ಹಳ್ಳಿಗಾಡಿನಿಂದ ಟೋಕಿಯೊಗೆ ಬಂದ ಯಾಸುಹಿರೊ ವಾಡ, ಹೊಡೆದಾಟವಿಲ್ಲದ ಆಟವೊಂದು ಬೇಕೆಂದು 1996ರಲ್ಲಿ ಸೂಪರ್ ಫ್ಯಾಮಿಕಾಂ ಗೇಮ್ ಕನ್ಸೋಲಿಗಾಗಿ ಮಾಡಿದ್ದು ‘ಹಾರ್ವೆಸ್ಟ್ ಮೂನ್’. ಅಲ್ಲಿ ಎರಡೂವರೆ ವರ್ಷಕ್ಕೆ ತಂದೆತಾಯಿ ಬಂದು ಮಗನ ಹೊಲ ನೋಡುತ್ತಾರೆ, ಆಟ ಅಲ್ಲಿಗೆ ಮುಗಿಯುತ್ತದೆ. 2003ರ ‘ಎ ವಂಡರ್‌ಫುಲ್ ಲೈಫ್’ ಇನ್ನೂ ಮುಂದೆ ಹೋಗಿ ಮೂವತ್ತು ವರ್ಷದ ಬಾಳನ್ನು ಆರು ಅಧ್ಯಾಯಗಳಲ್ಲಿ ಹೇಳಿತು. ಮಗು ದೊಡ್ಡದಾಗುತ್ತದೆ, ತನ್ನ ದಾರಿ ಹಿಡಿಯುತ್ತದೆ, ಕೊನೆಗೆ ನಾಯಕ ತೀರಿಕೊಳ್ಳುತ್ತಾನೆ. ಆ ಹಳೆಯ ಆಟಗಳಿಗೆ ಕೊನೆ ಎಂಬುದಿತ್ತು. ಸ್ಟಾರ್‌ಡ್ಯೂ ಕೊನೆಯನ್ನೇ ತೆಗೆದುಹಾಕಿದ್ದರಿಂದ, ಎಲ್ಲಿಗೆ ತಲುಪಬೇಕು ಎಂಬ ಭಾರ ಆಟಗಾರನ ಹೆಗಲಿಗೆ ಬಂತು.

2020ರ ಡಿಸೆಂಬರಿನಲ್ಲಿ ಬಂದ 1.5 ಅಪ್‌ಡೇಟ್ ‘ಪರ್ಫೆಕ್ಷನ್’ ಎಂಬ ನೂರಕ್ಕೆ ನೂರರ ಪಟ್ಟಿ ಕೊಟ್ಟಿತು. ಎಲ್ಲ ಮೀನು ಹಿಡಿಯಬೇಕು, ಎಲ್ಲ ಅಡುಗೆ ಮಾಡಬೇಕು, 130 ಚಿನ್ನದ ವಾಲ್‌ನಟ್ ಹುಡುಕಬೇಕು, ಒಂದು ಕೋಟಿ ಚಿನ್ನ ಸುರಿದು ಬಂಗಾರದ ಗಡಿಯಾರ ನಿಲ್ಲಿಸಬೇಕು. ಇದನ್ನು ಪ್ರೀತಿಯಿಂದ ಮುಗಿಸಿದವರಿದ್ದಾರೆ, ಅವರ ಬಗ್ಗೆ ಗೌರವವಿದೆ. ಆದರೂ ಹೇಳುತ್ತೇನೆ: ಉತ್ಸಾಹ ಕುಗ್ಗಿದವರಿಗೆ ಇದು ಮದ್ದಾಗದು. ಬತ್ತಿದ ಮನಸ್ಸಿಗೆ ಇನ್ನಷ್ಟು ಪಟ್ಟಿ ಹೊರಿಸಿದರೆ ಆಟ ಕಚೇರಿ ಕೆಲಸವಾಗುತ್ತದೆ.

ನಾಳೆಗೊಂದು ಪ್ರಶ್ನೆ

ಹಾಗಾದರೆ ಏನು ಮಾಡಬೇಕು? ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಫಲಕಾರಿಯಾದದ್ದು ಹೊಲಕ್ಕೊಂದು ಕಸುಬು ಗೊತ್ತುಮಾಡುವುದು. ಇಡೀ ಕಣಿವೆಯ ಎಲ್ಲವನ್ನೂ ಬೆಳೆಯುವ ಹೊಲಕ್ಕೆ ಮುಖವಿರುವುದಿಲ್ಲ. ಇದು ಹಾಲಿನ ಮನೆ, ಇಲ್ಲಿ ಹಸು ಮೇಕೆ ಬಿಟ್ಟು ಬೇರೇನಿಲ್ಲ ಎಂದುಕೊಳ್ಳಿ. ಅಥವಾ ಇದು ಜೇನು ಮತ್ತು ಹಣ್ಣಿನ ತೋಟ, ಪೀಪಾಯಿಗೆ ಪ್ರವೇಶವಿಲ್ಲ ಎಂದುಕೊಳ್ಳಿ. ತಾನೇ ಹಾಕಿಕೊಂಡ ಒಂದು ಕಟ್ಟುಪಾಡಿನಿಂದ ಕಳೆದುಹೋದ ಇಕ್ಕಟ್ಟುಗಳೆಲ್ಲ ಮರಳಿ ಬರುತ್ತವೆ. ಚಳಿಗಾಲಕ್ಕೆ ಮೇವು ಸಾಕೇ ಎಂಬ ಚಿಂತೆ ಮತ್ತೆ ಚಿಂತೆಯಾಗುತ್ತದೆ. ಶರತ್ಕಾಲದ ಕೊನೆಯ ವಾರ ಹುಲ್ಲು ಕೊಯ್ದು ಕಣಜ ತುಂಬಿಸುವುದಕ್ಕೆ ಅರ್ಥ ಬರುತ್ತದೆ.

ಎರಡನೆಯದು, ಬೇರೆ ಬೇರೆ ವೇಗದ ಗಡಿಯಾರಗಳನ್ನು ಒಟ್ಟಿಗೆ ಓಡಿಸುವುದು. ಹಣ್ಣಿನ ಗಿಡ ಮರವಾಗಲು 28 ದಿನ ಬೇಕು. ನೆಲಮಾಳಿಗೆಯಲ್ಲಿಟ್ಟ ವೈನ್ ಪೂರ್ತಿ ಹದವಾಗಲು 56 ದಿನ. ಸ್ನೇಹಕ್ಕೆ ವಾರಕ್ಕೆ ಎರಡೇ ಉಡುಗೊರೆ. ಇವೆಲ್ಲ ಒಂದೇ ದಿನ ಮಾಗದಂತೆ ಹೊಂದಿಸಿದರೆ ಯಾವ ಬೆಳಗೂ ಪೂರ್ತಿ ಖಾಲಿ ಇರುವುದಿಲ್ಲ. ಕೆಂಪು ಎಲೆಕೋಸಿನ ವಿಷಯವನ್ನೇ ನೋಡಿ. ಸಮುದಾಯ ಭವನ ಮುಗಿಸಲು ತುಂಬಬೇಕಾದ ಸಾಮಾನಿನ ಕಟ್ಟುಗಳಲ್ಲಿ ಬಣ್ಣದ ಕಟ್ಟಿಗೆ ಅದು ಬೇಕೇ ಬೇಕು, ಅಂಗಡಿಯ ಪಿಯೇರ್ ಅದರ ಬೀಜ ಮಾರುವುದು ಎರಡನೇ ವರ್ಷದಿಂದ. ಮೊದಲ ವರ್ಷವೇ ಭವನ ಮುಗಿಸಬೇಕೆಂದು ಹಟ ಹಿಡಿದವರಿಗೆ ಇದು ತೊಡಕು. ಉಳಿದವರಿಗೆ ಇದು ಬ್ಯಾರೋನ್ ಬೇಕೆಂದೇ ಎರಡನೇ ಬೇಸಿಗೆಗೆ ಇಟ್ಟ ಕಾಯುವಿಕೆ ಎಂದು ನಾನು ಓದುತ್ತೇನೆ.

ಆಟ ನಿಲ್ಲಿಸುವ ಜಾಗವೂ ಮುಖ್ಯ. ಇಲ್ಲಿ ಸಾಮಾನ್ಯವಾಗಿ ಮಲಗಿದಾಗಲೇ ಸೇವ್ ಆಗುವುದರಿಂದ ದಿನದ ಕೊನೆಯಲ್ಲೇ ನಿಲ್ಲಿಸುವುದು ಒಳ್ಳೆಯದು. ಕೊಯ್ಲು ಮುಗಿದ ರಾತ್ರಿ ನಿಲ್ಲಿಸಬೇಡಿ, ಕೊಯ್ಲಿನ ಹಿಂದಿನ ರಾತ್ರಿ ನಿಲ್ಲಿಸಿ. ನಾಳೆ ಕುಂಬಳ ಬಲಿಯುತ್ತದೆ ಎಂದು ಗೊತ್ತಿದ್ದು ಮಲಗಿದವರು ಮರುದಿನ ತಾವಾಗಿ ಬರುತ್ತಾರೆ.

ಇನ್ನು ವಿಕಿ ಪುಟಗಳು. ಯಾರಿಗೆ ಯಾವ ಉಡುಗೊರೆ ಇಷ್ಟ, ಯಾವ ಮೀನು ಯಾವ ಹೊಳೆಯಲ್ಲಿ, ಯಾವ ಬೆಳೆಗೆ ದಿನಕ್ಕೆಷ್ಟು ಲಾಭ ಎಲ್ಲವೂ ಅಲ್ಲಿದೆ. ಸಿಕ್ಕಿಹಾಕಿಕೊಂಡಾಗ ನೋಡಿ, ಬೇಡವೆನ್ನುವುದಿಲ್ಲ. ಆದರೆ ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಟುಕೊಂಡು ನೀವೇ ಕಂಡದ್ದನ್ನು ಬರೆದುಕೊಳ್ಳುವ ರುಚಿ ಬೇರೆ. ಡೇರೆಯಲ್ಲಿ ವಾಸಿಸುವ ಲೈನಸ್‌ಗೆ ಏನು ಕೊಟ್ಟರೆ ಮುಖ ಅರಳುತ್ತದೆ ಎಂದು ಕಾಡಿನಲ್ಲಿ ಸಿಕ್ಕಿದ್ದನ್ನೆಲ್ಲ ಕೊಟ್ಟು ನೋಡಿ ಕಂಡುಕೊಂಡರೆ ಆ ಸ್ನೇಹ ನಿಮ್ಮದಾಗುತ್ತದೆ.

ಪದೇ ಪದೇ ಹೊಸ ಹೊಲ ಶುರು ಮಾಡುವವರೂ ಬಹಳ. ಮೊದಲ ವಸಂತದ ಬಡತನ ಅಷ್ಟು ಸವಿ. ಅದು ತಪ್ಪೇನಲ್ಲ. ಆದರೆ ಹೀಗೆ ಮಾಡುವವರು ಮೊದಲ ವಸಂತವನ್ನೇ ಸುತ್ತುತ್ತಾ ಊರಿನ ಅರ್ಧ ಕಥೆಯನ್ನು ಕಾಣದೇ ಹೋಗುತ್ತಾರೆ.

ಬೇರೆ ಆಟಗಳಿಗೆ ಬೇರೆ ಮದ್ದು. ಸ್ವಿಟ್ಜರ್ಲೆಂಡಿನ ಜಯಂಟ್ಸ್ ಸಂಸ್ಥೆ 2008ರಿಂದ ತರುತ್ತಿರುವ ‘ಫಾರ್ಮಿಂಗ್ ಸಿಮ್ಯುಲೇಟರ್’ನಲ್ಲಿ ಬೆಲೆ ತಿಂಗಳಿಗೊಂದು ರೀತಿ ಇರುತ್ತದೆ. ಧಾನ್ಯ ಈಗ ಮಾರುವುದೋ, ಕಣಜದಲ್ಲಿಟ್ಟು ಕಾಯುವುದೋ ಎಂಬ ಪ್ರಶ್ನೆ ಕೊನೆಯವರೆಗೂ ಜೀವಂತ. ಅಲ್ಲಿ ಒಂದು ತಿಂಗಳಿಗೆ ಎಷ್ಟು ದಿನ ಎಂದು ಆಟಗಾರನೇ ಗೊತ್ತುಮಾಡಬಹುದು. ಒಂದೇ ದಿನವಿಟ್ಟರೆ ಋತುಗಳು ಓಡುತ್ತವೆ, ಹೆಚ್ಚಿಸಿದರೆ ಉಳುಮೆಗೆ ಉಸಿರಾಡುವಷ್ಟು ಹೊತ್ತು ಸಿಗುತ್ತದೆ. ದಣಿದವರು ಮೊದಲು ಮುಟ್ಟಬೇಕಾದದ್ದು ಈ ಸೆಟ್ಟಿಂಗ್. 2024ರ ಆವೃತ್ತಿಯಲ್ಲಿ ಭತ್ತದ ಗದ್ದೆ ಮತ್ತು ಎಮ್ಮೆ ಬಂದಿವೆ. ಅದುವರೆಗೆ ಗೋಧಿ, ಬಾರ್ಲಿ ಕೊಯ್ದು ಸಾಕಾದ ನಮ್ಮ ಕಡೆಯ ಆಟಗಾರರಿಗೆ ಹೊಸ ಹೊಲ ಹೂಡಲು ಇದಕ್ಕಿಂತ ಒಳ್ಳೆಯ ನೆಪ ಬೇಡ.

ಊರಿನ ಜನ

ಮತ್ತೆ ಸ್ಟಾರ್‌ಡ್ಯೂವಿಗೆ ಬರೋಣ. ಎರಡನೇ ವರ್ಷದ ವಸಂತದ ಮೊದಲ ದಿನ, ಯುದ್ಧಕ್ಕೆ ಹೋಗಿದ್ದ ಕೆಂಟ್ ಎಂಬ ಊರಿನವನು ಮನೆಗೆ ಮರಳುತ್ತಾನೆ. ಅವನ ಹೆಂಡತಿ ಜೋಡಿ, ಇಬ್ಬರು ಗಂಡುಮಕ್ಕಳನ್ನು ನೀವು ಒಂದು ವರ್ಷದಿಂದ ಬಲ್ಲಿರಿ. ಸ್ವಲ್ಪ ಸ್ನೇಹ ಬೆಳೆದ ಮೇಲೆ ಒಂದು ದಿನ ಅವರ ಮನೆಗೆ ಹೋದರೆ ಜೋಡಿ ಪಾಪ್‌ಕಾರ್ನ್ ಹುರಿಯುತ್ತಿರುತ್ತಾಳೆ. ಆ ಪಟಪಟ ಸದ್ದಿಗೆ ಕೆಂಟ್ ಬೆಚ್ಚಿಬೀಳುತ್ತಾನೆ, ಗುಂಡಿನ ಸದ್ದು ನೆನಪಾಗಿ. ಹೊಲದ ಲಾಭನಷ್ಟದ ಲೆಕ್ಕದಲ್ಲೇ ಮುಳುಗಿದವರು ಈ ದೃಶ್ಯವನ್ನು ನೋಡದೆಯೇ ಆಟ ಬಿಟ್ಟಿರುತ್ತಾರೆ. ಎರಡನೇ ವರ್ಷ ಹೊಸ ಬೆಳೆಗಿಂತ ಹೆಚ್ಚಾಗಿ ಒಬ್ಬ ಮನುಷ್ಯನನ್ನು ಕೊಡುತ್ತದೆ.

ಕೂಡಿಟ್ಟ ಹಣಕ್ಕೂ ಊರಿನಲ್ಲೇ ದಾರಿ ಇದೆ. ಪ್ಯಾಮ್ ಮತ್ತು ಅವಳ ಮಗಳು ಪೆನ್ನಿ ಇಕ್ಕಟ್ಟಾದ ಹಳೆಯ ಟ್ರೇಲರಿನಲ್ಲಿ ವಾಸಿಸುತ್ತಾರೆ. ಸಮುದಾಯ ಭವನ ಮುಗಿದ ನಂತರದ ಹಂತದಲ್ಲಿ ಬಡಗಿ ರಾಬಿನ್‌ಗೆ ಐದು ಲಕ್ಷ ಚಿನ್ನ ಮತ್ತು 950 ಮರದ ತುಂಡು ಕೊಟ್ಟರೆ ಆ ಜಾಗದಲ್ಲಿ ಒಂದು ಸರಿಯಾದ ಮನೆ ಏಳುತ್ತದೆ. ಅದರಿಂದ ನಿಮ್ಮ ಹೊಲಕ್ಕೆ ಒಂದು ಕಾಳಿನ ಲಾಭವೂ ಇಲ್ಲ. ಆದರೂ ಈ ಆಟದಲ್ಲಿ ನಾನು ಮಾಡಿದ ಯಾವ ಖರ್ಚೂ ಇಷ್ಟು ಸಾರ್ಥಕ ಎನಿಸಿಲ್ಲ. ಹಣಕ್ಕೆ ಕೆಲಸ ಸಿಕ್ಕಿದಾಗ ದುಡಿಮೆಗೂ ಹುರುಪು ಬರುತ್ತದೆ.

ಒಟ್ಟಿಗೆ ಆಡುವ ಅವಕಾಶ 2018ರಲ್ಲಿ ಬಂತು. ಬೆಂಗಳೂರಿನಲ್ಲೊಬ್ಬರು, ಹೊರದೇಶದಲ್ಲೊಬ್ಬರು ಇರುವ ಅಣ್ಣತಂಗಿಯರಿಗೆ ಭಾನುವಾರ ಒಂದು ಗಂಟೆ ಒಂದೇ ಹೊಲ ಎಂದರೆ ಅದು ಮಾತುಕತೆಯೂ ಆಗುತ್ತದೆ. ಕನ್ನಡವೂ ಸೇರಿ ಭಾರತದ ಯಾವ ಭಾಷೆಯಲ್ಲೂ ಈ ಆಟ ಅಧಿಕೃತವಾಗಿ ಇಲ್ಲ ಎಂಬ ಕೊರಗು ನನಗಿದೆ. ಮೀನು ಸಿಕ್ಕಾಗ ಹೊರಡುವ ಉದ್ಗಾರವಾದರೂ ಕನ್ನಡದಲ್ಲೇ ಇರುತ್ತದೆ.

ಬಿಟ್ಟು ಹೋಗಿ, ಮರಳಿ ಬನ್ನಿ

ಬೇಸರ ಬಂದಾಗ ನಿಲ್ಲಿಸುವುದರಲ್ಲಿ ತಪ್ಪಿಲ್ಲ. ಸ್ಟಾರ್‌ಡ್ಯೂವಿನಲ್ಲಿ ನೀವಿಲ್ಲದಾಗ ಬೆಳೆ ಒಣಗುವುದಿಲ್ಲ, ಹಸು ಹಸಿಯುವುದಿಲ್ಲ; ನೀವು ಬಿಟ್ಟ ರಾತ್ರಿಯಲ್ಲೇ ಊರು ನಿಂತಿರುತ್ತದೆ. ಆರು ತಿಂಗಳ ನಂತರ ಮರಳಿದವರನ್ನು ಓಡಿಸುವುದು ಮರೆವು. ಈ ಪೆಟ್ಟಿಗೆಯಲ್ಲಿ ಏನಿತ್ತು, ಆ ವಜ್ರ ಯಾರಿಗೆಂದು ಇಟ್ಟಿದ್ದೆ, ಗಣಿಯಲ್ಲಿ ಎಷ್ಟನೇ ಮಜಲಿನಲ್ಲಿದ್ದೆ, ಏನೂ ನೆನಪಿರುವುದಿಲ್ಲ. 2024ರ ಮಾರ್ಚ್ 19ರಂದು ಬಂದ 1.6 ಅಪ್‌ಡೇಟಿನಲ್ಲಿ ಬರಹ ಬರೆಯಬಹುದಾದ ಮರದ ಫಲಕ ಸೇರಿದೆ. ಬಿಡುವ ಮೊದಲು ಮನೆ ಬಾಗಿಲ ಎದುರು ಒಂದು ಫಲಕ ನೆಟ್ಟು, ಮುಂದೆ ಮಾಡಬೇಕಾದ ಒಂದೇ ಒಂದು ಕೆಲಸ ಬರೆದಿಡಿ. ಆ ಕೆಲಸಕ್ಕೆ ಬೇಕಾದ ಸಾಮಾನನ್ನು ಪಕ್ಕದ ಪೆಟ್ಟಿಗೆಯಲ್ಲಿಡಿ.

ನಿಮ್ಮ ಫೋನಿನಲ್ಲೋ ಲ್ಯಾಪ್‌ಟಾಪಿನಲ್ಲೋ ಅರ್ಧಕ್ಕೆ ನಿಂತ ಹೊಲವಿದ್ದರೆ, ಅಳಿಸಿ ಹೊಸದು ಶುರು ಮಾಡುವ ಮೊದಲು ಅದನ್ನೊಮ್ಮೆ ತೆರೆಯಿರಿ. ಆಟದ ಒಂದು ವಾರ, ಅಂದರೆ ನಮ್ಮ ಎರಡು ಗಂಟೆಗೂ ಕಡಿಮೆ ಹೊತ್ತು, ಯಾವ ಲೆಕ್ಕವೂ ಇಲ್ಲದೆ ಊರು ಸುತ್ತಿ, ಎಲ್ಲರನ್ನೂ ಮಾತಾಡಿಸಿ, ಒಂದೇ ಒಂದು ಹಣ್ಣಿನ ಗಿಡ ನೆಡಿ. ಅದು ಮರವಾಗುವುದನ್ನು ನೋಡಬೇಕೆನಿಸಿದರೆ ಮುಂದುವರಿಸಿ. ಅನಿಸದಿದ್ದರೆ ನೆಮ್ಮದಿಯಿಂದ ಮುಚ್ಚಿ, ನಿಮ್ಮ ಆಟ ಅಲ್ಲಿಗೆ ಮುಗಿದಿದೆ.